ಯಾವ ಆಟ ದೊಡ್ಡದು?

ಕೋಟನೂರಿನ ಕಟ್ಟೆ. ಟೆನಿಸ್‌ನಲ್ಲಿ ಎಲ್ಲಕ್ಕಿಂತ ದೊಡ್ಡ ಆಟ ಯಾವುದು? ಇದೇ ಮಾತು ನಡೆದಿತ್ತು.

"ಭಾಳ ಹೊತ್ತು ನಡೆದದ್ದೇ ದೊಡ್ಡದು ಕಾಕಾ," ಅಂದ ಹುಡುಗ. 2010ರಲ್ಲಿ ವಿಂಬಲ್ಡನ್‌ನಲ್ಲಿ ಇಸ್ನರ್ ಮತ್ತು ಮಾಹು ಆಡಿದರು. ಮೂರು ದಿನ ಆಡಿದರು. ಒಟ್ಟು 11 ಗಂಟೆ 5 ನಿಮಿಷ!

"ಅಲ್ಲೋ ತಮ್ಮಾ, ನಮ್ಮವರು ಗೆದ್ದದ್ದೇ ದೊಡ್ಡದು," ಅಂದ ಕಾಕಾ. ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ ಆಸ್ಟ್ರೇಲಿಯಾದಲ್ಲಿ ಜೋಡಿ ಆಟ ಗೆದ್ದರು. ಆಗ ಅವರ ವಯಸ್ಸು 43.

"ಸೋತ ಆಟ ದೊಡ್ಡದು ಆಗಂಗಿಲ್ಲೇನು?" ಕೇಳಿದಳು ಅಕ್ಕ. 2010ರಲ್ಲಿ ಅಮೆರಿಕದಲ್ಲಿ ಬೋಪಣ್ಣ ಫೈನಲ್ ಆಡಿದರು. ಜೋಡಿ ಯಾರು? ಪಾಕಿಸ್ತಾನದ ಖುರೇಷಿ. ಇಬ್ಬರೂ ಸೋತರು. ಆದರೆ ಎರಡೂ ದೇಶದವರು ಈ ಜೋಡಿಗೆ ಚಪ್ಪಾಳೆ ತಟ್ಟಿದರು.

"ಹೌದವ್ವ, ಅದೂ ದೊಡ್ಡದೇ," ಅಂದ ಕಾಕಾ.

ನಿಮಗೆ ಯಾವ ಆಟ ದೊಡ್ಡದು? ಯಾಕೆ? ಎರಡು ಸಾಲು ಬರೆಯಿರಿ.