ತೀರಿಕೊಂಡವರ ಖಾತೆಯ ಹಣ: ಒಂದಿಷ್ಟು ಕಿವಿಮಾತು
ಮನೆಯಲ್ಲಿ ಸಾವಾದಾಗ ಕಾಗದಪತ್ರದ ಮಾತೆತ್ತಲು ಯಾರಿಗೂ ಮನಸ್ಸು ಬಾರದು. ಆದರೂ ಮರಣವನ್ನು 21 ದಿನಗಳೊಳಗೆ ನೋಂದಾಯಿಸಿ, ಪ್ರಮಾಣಪತ್ರದ ನಾಲ್ಕಾರು ಪ್ರತಿ ಪಡೆದಿಟ್ಟುಕೊಳ್ಳಿ. ಅದರಲ್ಲಿನ ಹೆಸರು ಪಾಸ್‌ಬುಕ್ಕಿನ ಹೆಸರಿಗೆ ಹೊಂದುತ್ತದೆಯೇ ಅಲ್ಲೇ ನೋಡಿ. ಇನಿಷಿಯಲ್ ಹಿಂದುಮುಂದಾದರೂ ಅಲೆದಾಟ ತಪ್ಪದು.

ಖಾತೆಗೆ ನಾಮಿನಿ ಇದ್ದರೆ ಕೆಲಸ ಹಗುರ. ಅಂಥಲ್ಲಿ ಉತ್ತರಾಧಿಕಾರ ಪ್ರಮಾಣಪತ್ರಕ್ಕಾಗಿ ಒತ್ತಾಯಿಸಬಾರದೆಂದು ರಿಸರ್ವ್ ಬ್ಯಾಂಕೇ ಬ್ಯಾಂಕುಗಳಿಗೆ ಸೂಚಿಸಿದೆ. ಆದರೆ ನಾಮಿನಿ ಹಣ ಪಡೆಯುವವರೇ ಹೊರತು ಒಡೆಯರಲ್ಲ. ಉಯಿಲು ಇಲ್ಲದಿದ್ದರೆ ಆ ಠೇವಣಿ ವಾರಸುದಾರರೆಲ್ಲರಿಗೂ ಸೇರಿದ್ದು. ಎಷ್ಟೋ ಮನೆಗಳಲ್ಲಿ ಒಡಹುಟ್ಟಿದವರು ಮಾತು ಬಿಡುವುದು ಇದು ತಿಳಿಯದೆಯೇ.

ನಾಮಿನಿ ಇಲ್ಲವೇ? ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನು ದಯವಿಟ್ಟು ಬಿಡಬೇಡಿ. ಮೊತ್ತ ದೊಡ್ಡದಿದ್ದರೆ, ತಕರಾರಿದ್ದರೆ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಡಿ ನ್ಯಾಯಾಲಯದಿಂದ ಪ್ರಮಾಣಪತ್ರ ತರಬೇಕಾಗಬಹುದು.

ಮರೆತುಹೋದ ಠೇವಣಿಗಳನ್ನು ರಿಸರ್ವ್ ಬ್ಯಾಂಕಿನ ಉದ್ಗಮ್ ಪೋರ್ಟಲಿನಲ್ಲಿ ಹುಡುಕಬಹುದು. 10 ವರ್ಷ ಯಾರೂ ಕೇಳದ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, ನಿಜ. ಆದರೆ ವಾರಸುದಾರರ ಹಕ್ಕು ಅಳಿಯುವುದಿಲ್ಲ. ಅರ್ಜಿ ಕೊಡಬೇಕಾದದ್ದು ಖಾತೆಯಿದ್ದ ಬ್ಯಾಂಕಿಗೇ. ಕೊಟ್ಟ ಪ್ರತಿ ಕಾಗದಕ್ಕೂ ಸ್ವೀಕೃತಿ ಪಡೆಯಿರಿ.