ರೇಸ್ ಕಾರು ಓಡಿಸುವುದೂ ಒಂದು ಉದ್ಯೋಗವೇ?

ನಮ್ಮ ಗೋಡೆ ಪತ್ರಿಕೆಯ ಪ್ರಶ್ನೆ ಪೆಟ್ಟಿಗೆಯಲ್ಲಿ ಈ ಸಲ ಸಿಕ್ಕಿದ ಒಂದು ಚೀಟಿ ಹೀಗಿದೆ: "ಸಾರ್, ಸ್ಟಾಕ್ ಕಾರ್ ರೇಸ್ ಅಂದ್ರೆ ಏನು? ರೇಸ್ ಓಡಿಸೋರಿಗೆ ಸಂಬಳ ಯಾರು ಕೊಡ್ತಾರೆ? ನಮ್ಮ ಹೋಳೂರಿನವರೂ ಆಗಬಹುದಾ?" ಹೆಸರು ಬರೆದಿಲ್ಲ. ಅಕ್ಷರ ನೋಡಿದರೆ ಒಂಬತ್ತನೇ ತರಗತಿಯವರದು ಅನ್ನಿಸುತ್ತದೆ. ಮೂರು ಪ್ರಶ್ನೆಗೂ ಸರಿಯಾಗಿ ಉತ್ತರ ಬರೆದರೆ ಒಂದು ಹಾಳೆ ಸಾಲದು. ಆದ್ದರಿಂದ ಈ ಸಂಚಿಕೆಯಲ್ಲಿ ಗಾದೆ, ಒಗಟುಗಳ ಜಾಗವನ್ನೂ ನಾನೇ ತೆಗೆದುಕೊಂಡಿದ್ದೇನೆ.

ಸ್ಟಾಕ್ ಅನ್ನೋ ಮಾತು ನಿಮಗೆ ಹೊಸದಲ್ಲ. ಸೊಸೈಟಿ ಮುಂದೆ "ಅಕ್ಕಿ ಸ್ಟಾಕ್ ಇಲ್ಲ" ಅಂತ ಹೇಳಿ ವಾಪಸ್ ಕಳಿಸಿರೋದು ಎಲ್ಲರಿಗೂ ಗೊತ್ತು. ಇದೂ ಅದೇ ಸ್ಟಾಕು. ಅಂಗಡಿಯಲ್ಲಿ ಮಾರಾಟಕ್ಕೆ ಇಟ್ಟ ಕಾರನ್ನೇ ತಂದು ರೇಸಿಗೆ ಬಿಡುವುದರಿಂದ ಸ್ಟಾಕ್ ಕಾರ್ ಎಂಬ ಹೆಸರು ಬಂತು. ಇದು ಹುಟ್ಟಿದ್ದು ಅಮೆರಿಕಾದಲ್ಲಿ. ಅಲ್ಲಿ 1920ರಿಂದ 1933ರವರೆಗೆ ಪಾನನಿರೋಧ ಇತ್ತು. ದಕ್ಷಿಣದ ಗುಡ್ಡಗಾಡಿನ ಜನ ಕಳ್ಳಭಟ್ಟಿ ಕಾಯಿಸಿ, ರಾತ್ರಿ ಹೊತ್ತು ಕಾರಿನಲ್ಲಿ ಸಾಗಿಸುತ್ತಿದ್ದರು. ಹೊರಗಿನಿಂದ ನೋಡಿದರೆ ಮಾಮೂಲಿ ಫೋರ್ಡ್ ಕಾರು, ಒಳಗೆ ಮಾತ್ರ ಪೊಲೀಸರಿಗೆ ಸಿಗದ ಹಾಗೆ ಬಲಪಡಿಸಿದ ಇಂಜಿನ್ನು! ಯಾರ ಗಾಡಿ ಜೋರು ಅಂತ ಅವರವರಲ್ಲೇ ಪಂದ್ಯ ಶುರುವಾಯಿತು. 1948ರಲ್ಲಿ ಬಿಲ್ ಫ್ರಾನ್ಸ್ ಎಂಬುವರು ಮುಂದೆ ನಿಂತು ಇದಕ್ಕೆ ನಿಯಮ, ಲೆಕ್ಕ, ಬಹುಮಾನ ಎಲ್ಲ ಸೇರಿಸಿ ಒಂದು ಸಂಸ್ಥೆ ಕಟ್ಟಿದರು. ಅದೇ ನಾಸ್ಕಾರ್. ಆ ಕಾಲದ ಹೆಸರಾಂತ ಚಾಲಕ ಜೂನಿಯರ್ ಜಾನ್ಸನ್ 1956ರಲ್ಲಿ ಅಪ್ಪನ ಭಟ್ಟಿಯ ಹತ್ತಿರ ಸಿಕ್ಕಿಬಿದ್ದು ಜೈಲಿಗೂ ಹೋಗಿ ಬಂದವರು. (ಇದನ್ನು ಯಾರೂ ಸ್ಫೂರ್ತಿ ಅಂತ ತೆಗೆದುಕೊಳ್ಳಬೇಡಿ.)

ಈಗಿನ ನಾಸ್ಕಾರ್ ಕಾರು ಅಂಗಡಿ ಕಾರಲ್ಲ. ಉಕ್ಕಿನ ಕೊಳವೆಗಳ ಚೌಕಟ್ಟನ್ನು ಬೇರೆಯಾಗಿಯೇ ಕಟ್ಟಿ, ಮೇಲೆ ಮಾತ್ರ ಪೇಟೆಯ ಕಾರಿನ ಮುಖವಾಡ ಹಾಕುತ್ತಾರೆ. ಹೆಚ್ಚಿನ ರೇಸುಗಳು ಮೊಟ್ಟೆಯಾಕಾರದ ಟ್ರ್ಯಾಕಿನಲ್ಲಿ ನಡೆಯುತ್ತವೆ. ಫ್ಲಾರಿಡಾದ ಡೇಟೋನಾ ಟ್ರ್ಯಾಕು 1959ರಲ್ಲಿ ಶುರುವಾಯಿತು. ಒಂದು ಸುತ್ತು ಸುಮಾರು 4 ಕಿ.ಮೀ. ದೊಡ್ಡ ರೇಸಿಗೆ 200 ಸುತ್ತು, ಅಂದರೆ 800 ಕಿ.ಮೀ. ಬೆಂಗಳೂರಿನಿಂದ ಪುಣೆಗೆ ಹೋದಷ್ಟು ದೂರ! ಅಲ್ಲಿನ ತಿರುವಿನಲ್ಲಿ ರಸ್ತೆ 31 ಡಿಗ್ರಿ ಓರೆಯಾಗಿದೆ. ಯಾಕೆ ಅಂತೀರಾ? ಬಸ್ಸು ಜೋರಾಗಿ ತಿರುಗಿದಾಗ ನಾವು ಹೊರಗಡೆಗೆ ವಾಲುತ್ತೇವೆ. ಕಾರನ್ನು ವೃತ್ತದೊಳಗೇ ಹಿಡಿದಿಡಲು ಒಳಮುಖವಾಗಿ ಒಂದು ಬಲ ಬೇಕು. ಅದನ್ನೇ ವಿಜ್ಞಾನದಲ್ಲಿ ಕೇಂದ್ರಾಭಿಮುಖ ಬಲ ಎನ್ನುತ್ತಾರೆ. ಸಪಾಟು ರಸ್ತೆಯಲ್ಲಿ ಟೈರಿನ ಘರ್ಷಣೆಯೊಂದೇ ಅದನ್ನು ಕೊಡಬೇಕು. ರಸ್ತೆಯನ್ನೇ ಓರೆ ಮಾಡಿದರೆ ರಸ್ತೆಯೂ ಕಾರನ್ನು ಒಳಕ್ಕೆ ತಳ್ಳುತ್ತದೆ. ಜಾತ್ರೆಯ ಮರಣಬಾವಿಯಲ್ಲಿ ಬೈಕು ಗೋಡೆ ಮೇಲೆ ಸುತ್ತುವುದನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ನಾಸ್ಕಾರ್‌ನಲ್ಲಿ ಓಡಿಸಿದ ಮೊದಲ ಭಾರತೀಯ ನಮ್ಮ ಪಕ್ಕದ ಕೊಯಮತ್ತೂರಿನ ನರೇನ್ ಕಾರ್ತಿಕೇಯನ್. 2005ರಲ್ಲಿ ಫಾರ್ಮುಲಾ 1ಕ್ಕೆ ಹೋದ ಮೊದಲ ಭಾರತೀಯನೂ ಅವರೇ. 2010ರಲ್ಲಿ ಅವರು ಅಮೆರಿಕಾದಲ್ಲಿ ಓಡಿಸಿದ್ದು ಕಾರಲ್ಲ, ಪಿಕಪ್ ಟ್ರಕ್ಕು! ಹೌದು, ನಾಸ್ಕಾರ್‌ನಲ್ಲಿ ಪಿಕಪ್ ಗಾಡಿಗಳಿಗೇ ಬೇರೆ ಸರಣಿ ಇದೆ. ನಮ್ಮ ಕಡೆ ಟೊಮೊಟೊ ಬಾಕ್ಸು ಹಾಕಿಕೊಂಡು ಕೋಲಾರ ಮಾರ್ಕೆಟ್ಟಿಗೆ ಹೋಗುವ ಗಾಡಿಯ ಆಕಾರವೇ, ವೇಗ ಮಾತ್ರ ಬೇರೆ. ಆ ವರ್ಷ ಅಲ್ಲಿನ ಅಭಿಮಾನಿಗಳು ಓಟು ಹಾಕಿ ಅವರನ್ನೇ ಆ ಸರಣಿಯ ಅತ್ಯಂತ ಜನಪ್ರಿಯ ಚಾಲಕ ಎಂದು ಆರಿಸಿದರು.

ಇನ್ನು ನಮ್ಮ ಕರ್ನಾಟಕಕ್ಕೆ ಬರೋಣ. ಬೆಂಗಳೂರಿನ ಅಣ್ಣತಮ್ಮಂದಿರು ಅರ್ಜುನ್ ಮೈನಿ ಮತ್ತು ಕುಶ್ ಮೈನಿ. ಅರ್ಜುನ್ ಹುಟ್ಟಿದ್ದು 1997ರ ಡಿಸೆಂಬರಿನಲ್ಲಿ, ಕುಶ್ 2000ದ ಸೆಪ್ಟೆಂಬರಿನಲ್ಲಿ. ತಂದೆ ಗೌತಮ್ ಮೈನಿ ಸ್ವತಃ ರೇಸ್ ಓಡಿಸಿದವರು, ಉದ್ಯಮಿ. 2001ರಲ್ಲಿ ಬೆಂಗಳೂರಿನಿಂದ ರೇವಾ ಅನ್ನೋ ಪುಟ್ಟ ವಿದ್ಯುತ್ ಕಾರು ಬಂತಲ್ಲ, ಅದನ್ನು ಮಾಡಿದ ಚೇತನ್ ಮೈನಿ ಇವರ ಚಿಕ್ಕಪ್ಪ. ಮನೆಯಲ್ಲೇ ಕಾರಿನ ಮಾತು, ಕೈಯಲ್ಲಿ ಅನುಕೂಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಸಂಬಳದ ಪ್ರಶ್ನೆಗೂ ಇದಕ್ಕೂ ಸಂಬಂಧ ಇದೆ.

ಈ ಉದ್ಯೋಗದ ಒಂದನೇ ಕ್ಲಾಸು ಕಾರ್ಟಿಂಗ್. ಕಾರ್ಟ್ ಅಂದರೆ ಬಾಗಿಲಿಲ್ಲದ, ಮೇಲ್ಛಾವಣಿ ಇಲ್ಲದ, ಸ್ಪ್ರಿಂಗೂ ಇಲ್ಲದ ನಾಲ್ಕು ಚಕ್ರದ ಚಿಕ್ಕ ಗಾಡಿ. ಕೂತರೆ ನೆಲ ಅಂಗೈಯಷ್ಟು ದೂರ. ಮಕ್ಕಳು ಪ್ರೈಮರಿ ಸ್ಕೂಲಿನ ವಯಸ್ಸಿಗೇ ಇದರಲ್ಲಿ ಕಲಿಯುತ್ತಾರೆ. ಆಮೇಲೆ ಒಬ್ಬರೇ ಕೂರುವ, ಚಕ್ರ ಹೊರಗೆ ಕಾಣುವ ಫಾರ್ಮುಲಾ ಕಾರುಗಳು. ಅದರಲ್ಲಿ ಫಾರ್ಮುಲಾ 4, 3, 2, ಕೊನೆಗೆ 1. ನಮ್ಮ ತರಗತಿಗಳು ಏರುತ್ತವೆ, ಇಲ್ಲಿ ಸಂಖ್ಯೆ ಇಳಿಯುತ್ತದೆ. ಭಾರತದಲ್ಲೇ ಮಾಡಿದ ಎಲ್‌ಜಿಬಿ ಎಂಬ ಫಾರ್ಮುಲಾ ಕಾರಿನೊಳಗೆ ಇರುವುದು ಮಾರುತಿ ಸ್ವಿಫ್ಟ್ ಇಂಜಿನ್ನು. ಓಡಿಸುವ ಜಾಗ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಮತ್ತು ಕೊಯಮತ್ತೂರು. ನಮ್ಮ ರಾಜ್ಯದ ಹುಡುಗರು ಹೆಚ್ಚಿನವರು ಬಸ್ಸು ರೈಲು ಹತ್ತಿ ಅಲ್ಲಿಗೇ ಹೋಗಿ ಓಡಿಸಿದವರು.

2011ರಲ್ಲಿ ಸಹಾರಾ ಫೋರ್ಸ್ ಇಂಡಿಯಾ ತಂಡ ದೇಶದಲ್ಲೆಲ್ಲ ಹುಡುಕಿ ಮೂವರು ಹುಡುಗರನ್ನು ಆರಿಸಿತು. ಅದರಲ್ಲಿ 13 ವರ್ಷದ ಅರ್ಜುನ್ ಒಬ್ಬರು. 2014ರಲ್ಲಿ ಇಂಗ್ಲೆಂಡಿನ ಫಾರ್ಮುಲಾ 4 ಸರಣಿಯಲ್ಲಿ ಅವರಿಗೆ ಎರಡನೇ ಸ್ಥಾನ. ಆಗ ಮೊದಲನೆಯವನಾಗಿ ಬಂದ ಹುಡುಗ ಯಾರು ಗೊತ್ತೇ? ಜಾರ್ಜ್ ರಸೆಲ್. ಈಗ ಫಾರ್ಮುಲಾ 1ರಲ್ಲಿ ಮರ್ಸಿಡಿಸ್ ಓಡಿಸುವವರು. 2017ರಲ್ಲಿ ಅರ್ಜುನ್ ಸ್ಪೇನಿನ ಬಾರ್ಸಿಲೋನಾದಲ್ಲಿ ಜಿಪಿ3 ರೇಸ್ ಗೆದ್ದರು. ಆ ಸರಣಿಯಲ್ಲಿ ಗೆದ್ದ ಮೊದಲ ಭಾರತೀಯ. ಹಾಸ್ ಎಂಬ ಫಾರ್ಮುಲಾ 1 ತಂಡ ಅವರನ್ನು ತರಬೇತಿ ಚಾಲಕನಾಗಿ ಸೇರಿಸಿಕೊಂಡಿತು. ಇನ್ನೇನು ಒಂದು ಮೆಟ್ಟಿಲು ಅಂತ ಎಲ್ಲರೂ ಅಂದುಕೊಂಡರು.

ಆದರೆ 2018ರ ಫಾರ್ಮುಲಾ 2 ವರ್ಷ ಕೈ ಹಿಡಿಯಲಿಲ್ಲ. ಅದೇ ವರ್ಷ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ಒಂದು ವಿಚಿತ್ರ ನಡೆಯಿತು. ರೇಸ್ ಮುಗಿದು ಎಲ್ಲರೂ ನಿಧಾನಕ್ಕೆ ವಾಪಸ್ ಬರುತ್ತಿದ್ದಾಗ, ಅರ್ಜುನ್ ತಂಡದ್ದೇ ಇನ್ನೊಬ್ಬ ಚಾಲಕ ಬೇಕೆಂದೇ ಬಂದು ಅವರ ಕಾರಿಗೆ ಗುದ್ದಿದ. ಅವನಿಗೆ ನಾಲ್ಕು ರೇಸ್ ನಿಷೇಧ, ದಂಡ, ತಂಡದಿಂದಲೂ ಹೊರಗೆ. ರೇಸಿನಲ್ಲಿ ಗುದ್ದುವುದೇ ಗಂಡಸುತನ ಅಂತ ಸಿನಿಮಾ ನೋಡಿ ತಿಳಿದವರು ಈ ಸಾಲನ್ನು ಎರಡು ಸಲ ಓದಿ.

ಫಾರ್ಮುಲಾ 1ರಲ್ಲಿ ಇಡೀ ಪ್ರಪಂಚಕ್ಕೆ 2025ರವರೆಗೆ ಇದ್ದದ್ದು 20 ಸೀಟು, 2026ರಿಂದ 22. ಅರ್ಜುನ್‌ಗೆ ಅದು ಸಿಗಲಿಲ್ಲ. ಹಾಗಂತ ಅವರು ಮನೆಗೆ ಬಂದು ಕೂರಲಿಲ್ಲ. 2019ರಲ್ಲಿ ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆ ರೇಸಿಗೆ ಹೋದರು. 2021ರಿಂದ ಜರ್ಮನಿಯ ಡಿಟಿಎಂ ಎಂಬ ಸರಣಿಗೆ ಸೇರಿದರು, ಅಲ್ಲಿಗೂ ಮೊದಲ ಭಾರತೀಯ. ಮೊದಲು ಮರ್ಸಿಡಿಸ್, 2025ರಲ್ಲಿ ಫೋರ್ಡ್ ಮಸ್ಟಾಂಗ್. ಇವು ಛಾವಣಿ ಇರುವ, ಷೋರೂಮಿನ ಕಾರಿನಿಂದಲೇ ಬೆಳೆಸಿದ ರೇಸ್ ಕಾರುಗಳು. ಸ್ಟಾಕ್ ಕಾರಿಗೆ ದಾಯಾದಿ ಅನ್ನಬಹುದು. ಕೆಲವರು ಇದನ್ನು ಹಿಂದೆ ಬಿದ್ದಂತೆ ಮಾತಾಡುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಮೇಷ್ಟ್ರಾಗಬೇಕು ಅಂತ ಹೊರಟವನು ಒಳ್ಳೆ ಲೈಬ್ರರಿಯನ್ ಆದರೆ ಅವನ ಓದು ಹಾಳಾಯಿತೇ? ದುಡಿದು ತಿನ್ನುವ ಚಾಲಕರು ಬಹಳ ಮಂದಿ ಇರುವುದು ಇಂಥ ಕಾರುಗಳಲ್ಲೇ.

ತಮ್ಮ ಕುಶ್ ಇನ್ನೂ ಫಾರ್ಮುಲಾ ದಾರಿಯಲ್ಲೇ ಏರಿದರು. 2020ರಲ್ಲಿ ಬ್ರಿಟಿಷ್ ಫಾರ್ಮುಲಾ 3ರಲ್ಲಿ ಎರಡನೆಯವರು, 2023ರಲ್ಲಿ ಫಾರ್ಮುಲಾ 2. ಅಲ್ಲಿ ಎಲ್ಲ ತಂಡಕ್ಕೂ ಒಂದೇ ಮಾದರಿ ಕಾರು, ಒಂದೇ ಇಂಜಿನ್ನು. ಕಾರಿನ ಮೇಲೆ ನೆಪ ಹೇಳುವುದು ಕಷ್ಟ. 2024ರಲ್ಲಿ ಹಂಗೇರಿಯಲ್ಲಿ ಒಂದು ರೇಸು ಅವರ ಪಾಲಾಯಿತು. ಮೊದಲು ಬಂದವನ ಕಾರು ನಿಯಮ ಮೀರಿದ್ದರಿಂದ ಅವನನ್ನು ಅನರ್ಹ ಮಾಡಿದ್ದರು. 2025ರ ಮೇ 24ರಂದು ಮೊನಾಕೊದಲ್ಲಿ ಮಾತ್ರ ಯಾರ ಹಂಗೂ ಇಲ್ಲ. ಮೊದಲ ಸ್ಥಾನದಿಂದ ಹೊರಟು 30 ಸುತ್ತೂ ಮುಂದೆಯೇ ಇದ್ದು ಗೆದ್ದರು. ಅಲ್ಲಿ ಗೆದ್ದ ಮೊದಲ ಭಾರತೀಯ. ನಮ್ಮ ರಾಷ್ಟ್ರಗೀತೆ ಮೊನಾಕೊದ ಬೀದಿಯಲ್ಲಿ ಕೇಳಿಸಿತು. ಮೊನಾಕೊ ಟ್ರ್ಯಾಕು ಊರಿನ ಬೀದಿಗಳೇ, ಎರಡೂ ಕಡೆ ತಡೆಗೋಡೆ. ಒಂದು ಗೇಣು ತಪ್ಪಿದರೆ ಚಕ್ರ ಮುರಿಯುತ್ತದೆ.

ಈಗ ಮುಖ್ಯ ವಿಷಯ. ರೇಸ್ ಅಂದ ತಕ್ಷಣ ಎಲ್ಲರೂ ಆಕ್ಸಿಲರೇಟರ್ ನೆನೆಸಿಕೊಳ್ಳುತ್ತಾರೆ. ನೇರ ರಸ್ತೆಯಲ್ಲಿ ಅದನ್ನು ಒತ್ತಲು ಯಾರಿಗೂ ಬರುತ್ತದೆ. ಚಾಲಕರ ನಡುವೆ ವ್ಯತ್ಯಾಸ ಕಾಣುವುದು ತಿರುವಿಗೆ ಮುಂಚೆ, ಬ್ರೇಕಿನಲ್ಲಿ. ಎಲ್ಲಿ ಒತ್ತಬೇಕು, ಎಷ್ಟು ಒತ್ತಬೇಕು, ಎಷ್ಟು ನಿಧಾನಕ್ಕೆ ಬಿಡಬೇಕು ಅನ್ನುವುದೇ ವರ್ಷಗಟ್ಟಲೆಯ ಅಭ್ಯಾಸ. ಚಲನಶಕ್ತಿ ವೇಗದ ವರ್ಗದ ಹಾಗೆ ಏರುತ್ತದೆ ಅಂತ ಪಾಠದಲ್ಲಿ ಓದುತ್ತೀರಿ. ಒಳ್ಳೆಯ ಒಣ ಡಾಂಬರು ರಸ್ತೆಯಲ್ಲಿ 60 ಕಿ.ಮೀ. ವೇಗದ ಕಾರು ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಸುಮಾರು 20 ಮೀಟರ್ ಬೇಕು, ಅಂದರೆ ಒಂದು ಕ್ರಿಕೆಟ್ ಪಿಚ್. ವೇಗ 120 ಆದರೆ ಎರಡು ಪಿಚ್ ಅಲ್ಲ, ನಾಲ್ಕು! ಅದಲ್ಲದೆ ಕಣ್ಣು ನೋಡಿ ಕಾಲು ಒತ್ತುವಷ್ಟರಲ್ಲಿ ಒಂದು ಸೆಕೆಂಡ್ ಹೋಗುತ್ತದೆ. ಆ ಒಂದು ಸೆಕೆಂಡಿನಲ್ಲೇ 120ರ ಕಾರು 33 ಮೀಟರ್ ಮುಂದೆ ಇರುತ್ತದೆ.

ಮೈ ಕೂಡ ಗಟ್ಟಿ ಇರಬೇಕು. ವೇಗದ ಫಾರ್ಮುಲಾ ಕಾರುಗಳಲ್ಲಿ ತಿರುವಿನಲ್ಲಿ ಭೂಮಿಯ ಸೆಳೆತದ ನಾಲ್ಕು ಪಟ್ಟು ಬಲ ಪಕ್ಕಕ್ಕೆ ಎಳೆಯುತ್ತದೆ. ತಲೆ ಮತ್ತು ಹೆಲ್ಮೆಟ್ ಸೇರಿ ಆರೂವರೆ ಕೆ.ಜಿ. ಅಂತ ಇಟ್ಟುಕೊಳ್ಳಿ, ಕುತ್ತಿಗೆಗೆ 26 ಕೆ.ಜಿ. ಅನ್ನಿಸುತ್ತದೆ. 15 ಕೆ.ಜಿ.ಯ ಟೊಮೊಟೊ ಬಾಕ್ಸು ಹೊತ್ತವರಿಗೆ ಲೆಕ್ಕ ಗೊತ್ತು, ಎರಡು ಬಾಕ್ಸಿಗೆ ಸ್ವಲ್ಪ ಕಮ್ಮಿ. ಅದೂ ಪ್ರತಿ ಸುತ್ತಿನಲ್ಲಿ, ಪ್ರತಿ ತಿರುವಿನಲ್ಲಿ. ಛಾವಣಿ ಇರುವ ಕಾರಿನೊಳಗೆ ಬಿಸಿ 50 ಡಿಗ್ರಿ ದಾಟುವುದೂ ಉಂಟು. ಆದ್ದರಿಂದ ಇವರು ಬೆಳಿಗ್ಗೆ ಎದ್ದು ಓಡುತ್ತಾರೆ, ಕುತ್ತಿಗೆಗೆ ಬೇರೆ ಕಸರತ್ತು ಮಾಡುತ್ತಾರೆ, ಊಟ ಅಳೆದು ತಿನ್ನುತ್ತಾರೆ.

ಸಂಬಳ ಯಾರು ಕೊಡ್ತಾರೆ? ಕೇಳಿದರೆ ಆಶ್ಚರ್ಯ ಪಡುತ್ತೀರಿ. ಮೊದಮೊದಲು ಚಾಲಕನೇ ತಂಡಕ್ಕೆ ದುಡ್ಡು ಕೊಡಬೇಕು! ಕಾರು, ಟೈರು, ಪೆಟ್ರೋಲು, ಮೆಕ್ಯಾನಿಕ್ಕು ಎಲ್ಲದರ ಖರ್ಚು ಸೇರಿ, ಫಾರ್ಮುಲಾ 2ರ ಒಂದು ವರ್ಷಕ್ಕೆ ಕೋಟಿಗಟ್ಟಲೆ ಆಗುತ್ತದೆ. ಕೊಡುವವರು ತಂದೆತಾಯಿ, ಇಲ್ಲವೇ ಕಂಪೆನಿಗಳು. ಕಾರಿನ ತುಂಬ ಅಂಟಿಸಿರುವ ಹೆಸರುಗಳು ಅದಕ್ಕೇ. ಚೆನ್ನಾಗಿ ಓಡಿಸಿ ಹೆಸರು ಬಂದ ಮೇಲೆ ಕಾರು ಕಂಪೆನಿ ಅಥವಾ ತಂಡ ಕರೆದು ಸಂಬಳ ಕೊಡುತ್ತದೆ. ನಮ್ಮ ಮನೆಗಳಲ್ಲಿ ಒಂದು ಹಸು ತರೋಕೆ ಸಾಲಕ್ಕೆ ಓಡಾಡುತ್ತೇವೆ. ಹಾಗಿರುವಾಗ ಇದು ಎಲ್ಲರಿಗೂ ಸಮನಾದ ಆಟ ಅಂತ ನಾನು ಸುಳ್ಳು ಬರೆಯಲಾರೆ.

ಅಪಾಯದ ಮಾತನ್ನೂ ಮುಚ್ಚಿಡುವುದು ತಪ್ಪು. 2001ರಲ್ಲಿ ಡೇಟೋನಾದ ಕೊನೇ ಸುತ್ತಿನಲ್ಲಿ ನಾಸ್ಕಾರ್‌ನ ದೊಡ್ಡ ಹೆಸರು ಡೇಲ್ ಅರ್ನ್‌ಹಾರ್ಟ್ ಗೋಡೆಗೆ ಗುದ್ದಿ ತೀರಿಕೊಂಡರು. ಅದಾದ ಮೇಲೆ ಅದೇ ವರ್ಷ ಹೆಲ್ಮೆಟ್ಟನ್ನು ಹೆಗಲಿಗೆ ಬಿಗಿಯುವ ಪಟ್ಟಿ ಕಡ್ಡಾಯವಾಯಿತು. ತಲೆ ಮುಂದಕ್ಕೆ ಎಸೆಯುವುದನ್ನು ಅದು ತಡೆಯುತ್ತದೆ. 2023ರ ಆಗಸ್ಟ್ 5ರಂದು ಚೆನ್ನೈ ಟ್ರ್ಯಾಕಿನಲ್ಲಿ ಬೆಂಗಳೂರಿನ 13 ವರ್ಷದ ಹುಡುಗನೊಬ್ಬ ಬೈಕ್ ರೇಸಿನಲ್ಲಿ ಬಿದ್ದು ಪ್ರಾಣ ಬಿಟ್ಟ. ಹೆಲ್ಮೆಟ್ಟು, ಡಾಕ್ಟರು, ಆಂಬುಲೆನ್ಸು ಎಲ್ಲ ಇರುವ ಜಾಗದಲ್ಲಿ ಹೀಗಾಯಿತು. ನಿಮ್ಮಲ್ಲಿ ಎಂಟನೇ ಕ್ಲಾಸಿನವರ ವಯಸ್ಸು.

ನಮ್ಮ ಜಿಲ್ಲೆಗೆ ಹತ್ತಿರದ ಹೆಸರೂ ಒಂದಿದೆ. ಬೆಂಗಳೂರಿನ ಸಿ. ಎಸ್. ಸಂತೋಷ್ ಕಾರಿನವರಲ್ಲ, ಬೈಕಿನವರು. 2015ರಲ್ಲಿ ಡಕಾರ್ ಎಂಬ ಮರಳುಗಾಡಿನ ಕಠಿಣ ರ‍್ಯಾಲಿಯನ್ನು ಪೂರ್ತಿ ಮುಗಿಸಿದ ಮೊದಲ ಭಾರತೀಯ, 36ನೇ ಸ್ಥಾನ. 2021ರ ಜನವರಿಯಲ್ಲಿ ಸೌದಿ ಅರೇಬಿಯಾದಲ್ಲಿ ಬಿದ್ದು ತಲೆಗೆ ಪೆಟ್ಟಾಗಿ ಪ್ರಜ್ಞೆ ಇಲ್ಲದೆ ಆಸ್ಪತ್ರೆಯಲ್ಲಿದ್ದು ಉಳಿದು ಬಂದರು. ಮಣ್ಣಿನ ಹಾದಿಯಲ್ಲಿ ಬೈಕ್ ಓಡಿಸುವುದನ್ನು ಕ್ರಮವಾಗಿ ಕಲಿಸಲು ಅವರು ಬಿಗ್‌ರಾಕ್ ಎಂಬ ತರಬೇತಿ ಜಾಗ ಮಾಡಿದ್ದು ನಮ್ಮ ಕೋಲಾರದ ಕಡೆಯೇ. ಹುಡುಗಿಯರು ಮುಖ ತಿರುಗಿಸಬೇಡಿ: ಬೆಂಗಳೂರಿನ ಐಶ್ವರ್ಯ ಪಿಸ್ಸೆ 2019ರಲ್ಲಿ ಬಾಜಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಮೋಟಾರು ಕ್ರೀಡೆಯಲ್ಲಿ ವಿಶ್ವ ಪ್ರಶಸ್ತಿ ತಂದ ಮೊದಲ ಭಾರತೀಯರು ಅವರು, ಗಂಡಸರನ್ನೂ ಸೇರಿಸಿ.

ಹೋಳೂರಿನವರು ಆಗಬಹುದಾ? ಒಂದು ರೇಸ್ ಕಾರಿನ ಹಿಂದೆ ಚಾಲಕ ಒಬ್ಬ, ಕೆಲಸಗಾರರು ಹಲವರು. ಫಾರ್ಮುಲಾ 1ರಲ್ಲಿ ನಾಲ್ಕು ಟೈರು ಬದಲಿಸಲು ಎರಡು ಮೂರು ಸೆಕೆಂಡು ಸಾಕು. ಅಷ್ಟರಲ್ಲಿ ನಮ್ಮ ಪಂಕ್ಚರ್ ಅಂಗಡಿಯಣ್ಣ ಜಾಕ್ ಹುಡುಕುತ್ತಿರುತ್ತಾರೆ, ಬೇಜಾರು ಮಾಡಿಕೊಳ್ಳಬಾರದು. ಇಂಜಿನ್ ಕಟ್ಟುವವರು, ಟೈರಿನ ಬಿಸಿ ಅಳೆಯುವವರು, ಕಂಪ್ಯೂಟರಿನಲ್ಲಿ ಲೆಕ್ಕ ನೋಡಿ ಚಾಲಕನಿಗೆ ಹೇಳುವ ಇಂಜಿನಿಯರು, ಇವರೆಲ್ಲರಿಗೂ ಸಂಬಳ ಉಂಟು. ಐಟಿಐ, ಡಿಪ್ಲೊಮಾ, ಇಂಜಿನಿಯರಿಂಗ್ ದಾರಿಯಿಂದ ಅಲ್ಲಿಗೆ ಹೋಗಬಹುದು. ಇಂಜಿನಿಯರಿಂಗ್ ಕಾಲೇಜುಗಳ ಹುಡುಗರು ತಾವೇ ಫಾರ್ಮುಲಾ ಕಾರು ಕಟ್ಟಿ ಓಡಿಸುವ ಸ್ಪರ್ಧೆಗಳೂ ನಮ್ಮ ದೇಶದಲ್ಲಿವೆ. ಓಡಿಸಲೇಬೇಕು ಅನ್ನುವವರು ಬಾಡಿಗೆ ಕಾರ್ಟ್ ಟ್ರ್ಯಾಕಿನಲ್ಲಿ ಕೂತು ನೋಡಬಹುದು. ಬೆಂಗಳೂರಿನಲ್ಲಿ ಇವೆ.

ಅಪ್ಪನ ಬೈಕು ತಗೊಂಡು ಶ್ರೀನಿವಾಸಪುರದ ರಸ್ತೆಯಲ್ಲಿ ಸಂಜೆ ಹೊತ್ತು "ಪ್ರಾಕ್ಟೀಸು" ಮಾಡುವವರ ವಿಷಯವೂ ನನಗೆ ಗೊತ್ತು, ಹೆಸರು ಬರೆಯುವುದಿಲ್ಲ. ಟ್ರ್ಯಾಕಿನಲ್ಲಿ ಎದುರಿನಿಂದ ಗಾಡಿ ಬರುವುದಿಲ್ಲ, ಹಸು ಅಡ್ಡ ಬರುವುದಿಲ್ಲ, ರಾಗಿ ಒಕ್ಕಣೆ ಹಾಕಿರುವುದಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಪ್ರಕಾರ 18 ತುಂಬದವರು ಓಡಿಸಿ ಸಿಕ್ಕಿಬಿದ್ದರೆ ತಂದೆಗೆ ಅಥವಾ ಗಾಡಿ ಯಜಮಾನರಿಗೆ 25,000 ರೂ. ದಂಡ, ಮೂರು ವರ್ಷದವರೆಗೆ ಜೈಲು ಆಗಬಹುದು.

ಈ ಸಂಚಿಕೆಯ ಲೆಕ್ಕ: 60 ಕಿ.ಮೀ. ವೇಗಕ್ಕೆ ಬ್ರೇಕ್ ದೂರ 20 ಮೀಟರ್ ಆದರೆ 90 ಕಿ.ಮೀ. ವೇಗಕ್ಕೆ ಎಷ್ಟು? ಕಣ್ಣು ನೋಡಿ ಕಾಲು ಒತ್ತುವ ಒಂದು ಸೆಕೆಂಡಿನ ದೂರವನ್ನೂ ಸೇರಿಸಿ. ಮಳೆ ಬಂದು ರಸ್ತೆಯ ಹಿಡಿತ ಅರ್ಧ ಆದರೆ ಎಷ್ಟು? ಉತ್ತರವನ್ನು ಬರೀ ಹಾಳೆಯಲ್ಲಿ ಬೇಡ, ಸುಣ್ಣದ ಪುಡಿ ತಗೊಂಡು ನಮ್ಮ ಆಟದ ಮೈದಾನದಲ್ಲಿ ಅಳೆದು ಗೆರೆ ಎಳೆದು ತೋರಿಸಿ. ಮೈದಾನ ಸಾಲದಿದ್ದರೆ ಅದನ್ನೂ ಬರೆದು ಪೆಟ್ಟಿಗೆಗೆ ಹಾಕಿ.