೯೯೯ರ ನಾಲ್ಕನೆಯ ಸಾಹಸ

ಒಬ್ಬನೇ ನಾಯಕನ ಸಾಹಸಗಳನ್ನು ಮಾಲೆಯಾಗಿ ಪೋಣಿಸಿದ ಚಿತ್ರಗಳು ಕನ್ನಡದಲ್ಲಿ ವಿರಳ. ಅವುಗಳಲ್ಲಿ ಮೊದಲು ನೆನಪಾಗುವುದು ಡಾ. ರಾಜಕುಮಾರರು ಗುಪ್ತ ಪತ್ತೇದಾರನಾಗಿ ಅಭಿನಯಿಸಿದ ಸಿ.ಐ.ಡಿ. ೯೯೯ ಮಾಲೆ. ದೊರೈ-ಭಗವಾನ್ ಜೋಡಿಯ ನಿರ್ದೇಶನದಲ್ಲಿ ‘ಜೇಡರ ಬಲೆ’ ಮತ್ತು ‘ಗೋವಾದಲ್ಲಿ ಸಿ.ಐ.ಡಿ. ೯೯೯’ ೧೯೬೮ರಲ್ಲಿಯೂ, ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. ೯೯೯’ ೧೯೬೯ರಲ್ಲಿಯೂ ತೆರೆಕಂಡವು. ಬಳಿಕ ಒಂಬತ್ತು ವರ್ಷಗಳ ಮೌನ. ೧೯೭೮ರಲ್ಲಿ ನಾಲ್ಕನೆಯದಾದ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದಿತು. ನಾನು ವಿಚಾರ ಮಾಡಹೊರಟಿರುವುದು ಈ ಕೊನೆಯ ಚಿತ್ರವನ್ನು ಕುರಿತು. ಇದನ್ನು ಹಳಿಯುವವರೂ ಉಂಟು. ಅಣ್ಣಾವ್ರ ಚಿತ್ರವೆಂಬ ಒಂದೇ ಕಾರಣಕ್ಕೆ ತಲೆಯ ಮೇಲೆ ಹೊರುವವರೂ ಉಂಟು. ಚಿತ್ರ ಏಕೆ ಏರುಪೇರಾಯಿತೆಂದು ಇಬ್ಬರೂ ಕೇಳುವುದಿಲ್ಲ.

ಮೊದಲು ‘ಜೇಡರ ಬಲೆ’ಯ ಬಲ ಯಾವುದೆಂದು ನೋಡಬೇಕು. ೧೯೬೨ರ ‘ಡಾಕ್ಟರ್ ನೋ’ದಿಂದ ಹೊರಟ ಜೇಮ್ಸ್ ಬಾಂಡ್ ೦೦೭ರ ಅಲೆ ನಮ್ಮ ನಾಡನ್ನೂ ಮುಟ್ಟಿತ್ತು. ಇತ್ತ ರಾಜಕುಮಾರರು ‘ಸತ್ಯಹರಿಶ್ಚಂದ್ರ’ (೧೯೬೫), ‘ಇಮ್ಮಡಿ ಪುಲಿಕೇಶಿ’ (೧೯೬೭) ಚಿತ್ರಗಳ ಕಿರೀಟಧಾರಿ. ಆ ಕಿರೀಟವನ್ನಿಳಿಸಿ ಕೋಟು ತೊಡಿಸಿ ಕೈಗೆ ಪಿಸ್ತೂಲು ಕೊಟ್ಟದ್ದು ಸಣ್ಣ ಧೈರ್ಯವಲ್ಲ. ಆದರೂ ಜನಕ್ಕೆ ಅದು ತೀರ ಪರಕೀಯವೆನಿಸಲಿಲ್ಲ; ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದ ಓದುಗರು ಊರೂರಿನಲ್ಲಿಯೂ ಇದ್ದರು. ಕಥೆಯೂ ಹಾಗೆಯೇ, ಸಾಮಾನ್ಯ ಲೋಹವನ್ನು ಚಿನ್ನವಾಗಿಸುವ ವಿಜ್ಞಾನಿಯ ಸೂತ್ರ. ನಮ್ಮ ಅಜ್ಜಿಯರ ರಸವಿದ್ಯೆಯ ಕಥೆಗೆ ಪ್ರಯೋಗಶಾಲೆಯ ವೇಷ! ಎಲ್ಲಕ್ಕಿಂತ ಮಿಗಿಲಾಗಿ, ಕಪ್ಪು-ಬಿಳುಪಿನ ಕತ್ತಲೆ ಆ ಚಿತ್ರಕ್ಕೆ ನೆರವಾಯಿತು. ಹಣದ ಕೊರತೆ, ಸೆಟ್ಟಿನ ಬಡತನ ಎಲ್ಲವೂ ನೆರಳಿನಲ್ಲಿ ಅಡಗಿ, ಖಳನ ಅಡಗುದಾಣ ಇದ್ದುದಕ್ಕಿಂತ ದೊಡ್ಡದಾಗಿ ತೋರಿತು. ದೊರೈರಾಜರು ಮೂಲತಃ ಛಾಯಾಗ್ರಾಹಕರೆಂಬುದನ್ನು ಇಲ್ಲಿ ಮರೆಯಲಾಗದು.

ನಾಲ್ಕನೆಯ ಚಿತ್ರಕ್ಕೆ ಬಣ್ಣ ಬಂದಿತು, ನೇಪಾಳದ ಹೊರಾಂಗಣವೂ ಬಂದಿತು. ನೆರಳು ಹೋಯಿತು. ಕಣ್ಣಿಗೆ ಹಬ್ಬವೇನೋ ಸರಿಯೆ. ಆದರೆ ಬೆನ್ನಟ್ಟಬೇಕಾದ ಕಥೆ ಅಲ್ಲಲ್ಲಿ ಯಾತ್ರಿಕನಂತೆ ನಿಂತು ನೋಡುತ್ತದೆ.

ಬಣ್ಣವೊಂದನ್ನೇ ದೂರಿದರೆ ಅನ್ಯಾಯವಾದೀತು. ನಡುವಣ ಒಂಬತ್ತು ವರ್ಷಗಳಲ್ಲಿ ನಿರ್ದೇಶಕರೂ ನಾಯಕರೂ ಬೇರೆಯಾಗಿದ್ದರು. ‘ಕಸ್ತೂರಿ ನಿವಾಸ’ (೧೯೭೧), ‘ಎರಡು ಕನಸು’ (೧೯೭೪), ‘ಬಯಲು ದಾರಿ’ (೧೯೭೬) ಇವುಗಳಲ್ಲಿ ದೊರೈ-ಭಗವಾನರು ಪಳಗಿದ್ದು ಮುಖದ ಮೇಲೆ ಭಾವ ಮೆಲ್ಲನೆ ಮೂಡುವವರೆಗೆ ಕಾಯುವ ಕಲೆಯಲ್ಲಿ. ಪತ್ತೇದಾರಿಗೆ ಅಷ್ಟು ತಾಳ್ಮೆ ಒಗ್ಗದು. ಹಿಂದೆ ರಾಜಕುಮಾರರಿಗೆ ಪಿ.ಬಿ. ಶ್ರೀನಿವಾಸರು ಹಾಡುತ್ತಿದ್ದರು, ೧೯೭೪ರ ‘ಸಂಪತ್ತಿಗೆ ಸವಾಲ್’ ಆದಮೇಲೆ ಅವರು ತಾವೇ ಹಾಡತೊಡಗಿದರು. ೧೯೭೮ರ ಹೊತ್ತಿಗೆ ಅವರಿಗೆ ನಲವತ್ತೊಂಬತ್ತು ವಯಸ್ಸು. ಕಂಠವನ್ನು ಕೇಳಲೆಂದೇ ಜನ ಬರುತ್ತಿದ್ದ ಕಾಲ. ಗುಟ್ಟಾಗಿ ತಿರುಗಬೇಕಾದ ಪತ್ತೇದಾರನನ್ನು ನಾಡೆಲ್ಲ ಗುರುತಿಸುತ್ತಿದ್ದರೆ ಅವನು ಮಾಡುವುದಾದರೂ ಏನು?

ಆದರೂ ಈ ಚಿತ್ರದ ಒಂದು ಭಾಗವನ್ನು ನಾನು ಬಿಟ್ಟುಕೊಡಲಾರೆ. ರಾಜಕುಮಾರರೇ ಹಾಡಿದ ಇಂಗ್ಲಿಷ್ ಹಾಡು ಅದು. ಜಯನಗರದಿಂದ ಬನಶಂಕರಿಗೆ ಹೋಗುವ ಬಸ್ಸಿನಲ್ಲಿ ನಮ್ಮ ಸಹಪಾಠಿಗಳು ಅದನ್ನು ಫೋನಿನಲ್ಲಿ ಹಾಕಿಕೊಂಡು ನಗುವುದನ್ನು ಕೇಳಿದ್ದೇನೆ. ಅವರಲ್ಲಿ ಎಷ್ಟೋ ಮಂದಿ ಚಿತ್ರವನ್ನೇ ನೋಡಿಲ್ಲ. ವೇಷ ಮರೆಸುವುದೇ ಕಸುಬಾದವನು ಪರಭಾಷೆಯಲ್ಲಿ ಹಾಡಿದರೆ ತಪ್ಪೇನು? ನಾಲ್ಕು ವರ್ಷಗಳ ಬಳಿಕ, ೧೯೮೨ರಲ್ಲಿ, ಕನ್ನಡಕ್ಕಾಗಿ ಗೋಕಾಕ್ ಚಳವಳಿಯ ಮುಂದೆ ನಿಂತವರೂ ಇವರೇ. ಆ ಹಾಡಿನಲ್ಲಿ ಅಳುಕಿಲ್ಲ, ಜಿ.ಕೆ. ವೆಂಕಟೇಶರ ಸಂಗೀತದಲ್ಲಿ ೧೯೬೮ರ ಹುರುಪು ಮತ್ತೆ ಕೇಳಿಸುತ್ತದೆ. ಚಿತ್ರ ತನ್ನನ್ನು ತಾನು ನಂಬಿದ ಗಳಿಗೆ ಅದೇ ಎನ್ನಬಹುದು.

ಪರದೇಶದ ಮಾಲೆಗೂ ಇಂಥ ತೊಡಕು ತಪ್ಪಲಿಲ್ಲ. ಬಿಟ್ಟುಹೋಗಿದ್ದ ಶಾನ್ ಕಾನರಿ ೧೯೭೧ರಲ್ಲಿ ಬಾಂಡ್ ಆಗಿ ಮರಳಿದ ಚಿತ್ರ ‘ಡೈಮಂಡ್ಸ್ ಆರ್ ಫಾರೆವರ್’. ಅದರಲ್ಲಿಯೂ ನಟ ಒಂದು ದಿಕ್ಕು, ಕಥೆ ಒಂದು ದಿಕ್ಕು. ಅಲ್ಲಿಯೂ ವಜ್ರವೇ!

ಜನಕ್ಕೆ ಸಾಹಸ ಬೇಸರವಾಗಿತ್ತೆ? ಇಲ್ಲ. ಅದೇ ೧೯೭೮ರಲ್ಲಿ ವಿ. ಸೋಮಶೇಖರ್ ನಿರ್ದೇಶಿಸಿದ ‘ಶಂಕರ್ ಗುರು’ ಬಂದಿತು. ಮೂರು ಪಾತ್ರದ ರಾಜಕುಮಾರ್, ಕಾಶ್ಮೀರದ ಹಿಮ. ಅಲ್ಲಿ ಹೊಡೆದಾಟವೆಲ್ಲ ಅಗಲಿದ ಅಪ್ಪ-ಮಕ್ಕಳ ಕಥೆಯೊಳಗೇ ಹುಟ್ಟುತ್ತದೆ. ೯೯೯ ಎಂಬುವನಿಗೆ ಅಂಥ ಮನೆ-ಮಠವೆಲ್ಲಿ?

ರಾಜಕುಮಾರರು ಮತ್ತೆ ೯೯೯ ಆಗಲಿಲ್ಲ. ಮರುವರ್ಷ ದೊರೈ-ಭಗವಾನರು ಕಾದಂಬರಿಗೆ ಮರಳಿ ‘ಚಂದನದ ಗೊಂಬೆ’ (೧೯೭೯) ತೆಗೆದರು. ಅದರ ನಾಯಕಿ ಲಕ್ಷ್ಮಿ. ಹನ್ನೊಂದು ವರ್ಷಗಳ ಹಿಂದೆ ಗೋವಾದಲ್ಲಿ ೯೯೯ರ ಜೊತೆಗಿದ್ದವರು.